ಬೂಟು ಕೊಟ್ಟರು ಸರಿ, ಮಾಸ್ತರು ಯಾರು?

9ನೇ ನಂಬರ್ ಟ್ರಾಮ್ ಹತ್ತಿ ಕೊನೇ ಸ್ಟಾಪ್ ಬೋಲೆನ್‌ಫಾಲ್‌ಟೋರ್‌ನಲ್ಲಿ ಇಳಿದರೆ ಎಸ್‌ವಿ ಡಾರ್ಮ್‌ಸ್ಟಾಟ್ 98ರ ಸ್ಟೇಡಿಯಂ ಸಿಗುತ್ತೆ. ಅಲ್ಲೇ ಹತ್ತಿರದಲ್ಲಿ ನಮ್ಮ ಯೂನಿವರ್ಸಿಟಿಯ ಮೈದಾನವೂ ಇದೆ. ಬೇಸಿಗೆಯ ಸಂಜೆಗಳಲ್ಲಿ ನಾವು ಕನ್ನಡದ ಹುಡುಗ ಹುಡುಗಿಯರು ಆ ಕಡೆ ಹೋಗಿ ಟೆನಿಸ್ ಬಾಲ್ ಕ್ರಿಕೆಟ್ ಆಡೋದುಂಟು. ಪಕ್ಕದಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಫುಟ್‌ಬಾಲ್ ಕಲೀತಾ ಇರ್ತಾರೆ. ಕಲಿಸೋರು ದೊಡ್ಡ ಹೆಸರಿನ ಕೋಚ್ ಏನಲ್ಲ. ದಿನವಿಡೀ ಬೇರೆ ಕೆಲಸ ಮಾಡಿ, ಸಂಜೆ ಸೀಟಿ ಕೊರಳಿಗೆ ಹಾಕಿಕೊಂಡು ಬರುವ ಯಾರೋ ಒಬ್ಬರ ಅಪ್ಪ. ಮಳೆ ಬಂದರೂ ಬರ್ತಾರೆ, ಮುಂದಿನ ವಾರವೂ ಬರ್ತಾರೆ.

ಹೀಗೇ ಒಂದು ಸಂಜೆ ಆಟ ಮುಗಿಸಿ ಕೂತಿದ್ದಾಗ ನಮ್ಮ ಹಳಿಯಾಳದ ಗೆಳೆಯ ಒಂದು ಮಾತು ಹೇಳಿದ: "ನಮ್ಮೂರ ಕಡೆ ಬೂಟು ಕೊಡೋರು ಬರ್ತಾರ, ಬ್ಯಾನರ್ ಕಟ್ಟೋರು ಬರ್ತಾರ. ಸೀಟಿ ಊದೋ ಮಾಸ್ತರು ಮಾತ್ರ ಯಾರೂ ಬರಂಗಿಲ್ಲ." ಎಲ್ಲರೂ ನಕ್ಕೆವು. ಆದರೆ ಆ ಮಾತು ಅಲ್ಲಿಗೇ ಮುಗಿಯಲಿಲ್ಲ. ಈ ವರ್ಷದ ಪುಸ್ತಿಕೆಗೆ ಏನು ಬರೀಬೇಕು ಅಂತ ಯೋಚಿಸಿದಾಗ ಮತ್ತೆ ಅದೇ ನೆನಪಾಯ್ತು. ಕಂಪನಿಗಳ ದುಡ್ಡಿನಲ್ಲಿ ಹಳ್ಳಿ, ಕಾಡು, ಕೇರಿಗಳ ಮಕ್ಕಳಿಗೆ ಆಟ ಕಲಿಸುವ ಯೋಜನೆಗಳು ನಮ್ಮ ನಾಡಿನಲ್ಲಿ ಈಗ ಬೇಕಾದಷ್ಟಿವೆ. ಅವು ಬೇಡ ಅನ್ನೋದು ನಮ್ಮ ವಾದ ಅಲ್ಲ. ಅವು ಎಷ್ಟು ದಿನ ಇರ್ತವೆ, ಯಾರಿಗಾಗಿ ಇರ್ತವೆ ಅನ್ನೋದು ನಮ್ಮ ಪ್ರಶ್ನೆ.

ಮೊದಲು ನಮ್ಮದೇ ತಪ್ಪು ಒಪ್ಪಿಕೊಳ್ತೀವಿ. ಇಲ್ಲಿಗೆ ಓದೋಕೆ ಬರುವ ಮೊದಲು ನಮ್ಮಲ್ಲಿ ಹಲವರು ಬೆಂಗಳೂರಿನ ಕಂಪನಿಗಳಲ್ಲಿ ಎರಡು ಮೂರು ವರ್ಷ ದುಡಿದವರು. ನಮ್ಮಲ್ಲಿ ಕೆಲವರು ಒಂದು ಶನಿವಾರ ಕಂಪನಿಯ ಬಸ್ಸಿನಲ್ಲಿ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆವು. ಒಂದೇ ಬಣ್ಣದ ಟೀ ಶರ್ಟ್, ವಾಲಿಬಾಲ್, ನೆಟ್, ಸ್ಕಿಪ್ಪಿಂಗ್ ಹಗ್ಗ, ಎರಡು ಡಜನ್ ಬೂಟು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದೆವು. ಮಧ್ಯಾಹ್ನ ಪಲಾವ್ ತಿಂದು ವಾಪಸ್ ಬಂದೆವು. ಆರು ತಿಂಗಳ ಮೇಲೆ ನಮ್ಮಲ್ಲೊಬ್ಬರು ಆ ಊರಿನ ಮೇಲೆ ಹಾದು ಹೋಗುವಾಗ ಶಾಲೆಗೆ ಇಣುಕಿ ನೋಡಿದರೆ, ಸಾಮಾನೆಲ್ಲ ಬೀರುವಿನಲ್ಲಿ ಬೀಗದ ಹಿಂದೆ ಭದ್ರವಾಗಿತ್ತು. ಹೆಡ್‌ಮಾಸ್ಟರನ್ನು ದೂರಿ ಫಲವಿಲ್ಲ. ಆಟ ಕಲಿಸೋ ಮಾಸ್ತರು ಆ ಶಾಲೆಗೆ ಇಲ್ಲ, ಕಳೆದುಹೋದರೆ ಲೆಕ್ಕ ಕೊಡಬೇಕಾದವರು ಅವರೇ. ಬೂಟುಗಳಂತೂ ಅಷ್ಟರಲ್ಲಿ ಮಕ್ಕಳ ಕಾಲಿಗೆ ಸಣ್ಣವಾಗಿದ್ದವು. ನಮ್ಮ ಫೋಟೋ ಮಾತ್ರ ಕಂಪನಿಯ ವಾರ್ಷಿಕ ವರದಿಯಲ್ಲಿ ಚೆನ್ನಾಗಿ ಬಂದಿತ್ತು.

ಈ ದುಡ್ಡು ಎಲ್ಲಿಂದ ಬರುತ್ತೆ ಅಂತ ಸ್ವಲ್ಪ ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಆಸ್ತಿ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ನಾವು ಸಿಎಸ್‌ಆರ್ ಅಂತೀವಿ. ಯಾವ ಯಾವ ಕೆಲಸ ಆಗಬಹುದು ಅನ್ನೋ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರಮಟ್ಟದ ಮಾನ್ಯತೆ ಇರುವ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಇದೆ. ಗಮನಿಸಿ, ಅಲ್ಲಿರೋದು 'ತರಬೇತಿ' ಅನ್ನೋ ಪದ. ಮ್ಯಾರಥಾನ್, ಪ್ರಶಸ್ತಿ ಸಮಾರಂಭದಂಥ ಒಂದು ದಿನದ ಕಾರ್ಯಕ್ರಮಗಳನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಿಡಿಯೋಕಾಗಲ್ಲ ಅಂತ ಕೇಂದ್ರ ಸರ್ಕಾರ 2014ರಲ್ಲೇ ಸ್ಪಷ್ಟ ಮಾಡಿತ್ತು. ಅಂದರೆ ಕಾನೂನಿನ ಉದ್ದೇಶ ಒಳ್ಳೇದೇ ಇದೆ.

ಆದರೆ ಅದೇ ಕಾನೂನಿನಲ್ಲಿ ಎರಡು ತೊಡಕುಗಳಿವೆ. ಒಂದು, ಕಂಪನಿ ತಾನು ಕೆಲಸ ಮಾಡುವ ಜಾಗ ಮತ್ತು ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅನ್ನುತ್ತೆ. ಕಾರ್ಖಾನೆಯ ಹೊಗೆ ಕುಡಿಯೋ ಊರಿಗೆ ಮೊದಲು ಕೊಡಿ ಅನ್ನೋದು ನ್ಯಾಯವೇ. ಆದರೆ ಕಾರ್ಖಾನೆಯೇ ಇಲ್ಲದ ಜೊಯಿಡಾ, ಯಲ್ಲಾಪುರದ ಕಾಡಿನ ಮಕ್ಕಳಿಗೆ ಯಾರು ಹತ್ತಿರದವರು? ಬೆಂಗಳೂರಿನ ಸುತ್ತ ದುಡ್ಡು ಸುತ್ತುತ್ತೆ, ದೂರ ಇರೋರು ದೂರವೇ ಉಳೀತಾರೆ. ಎರಡು, 2021ರ ತಿದ್ದುಪಡಿಯ ಪ್ರಕಾರ 'ಮುಂದುವರಿಯುವ ಯೋಜನೆ' ಅಂದರೆ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಆಮೇಲೆ ಬೇಕಾದರೆ ಹೊಸ ಯೋಜನೆ ಅಂತ ಮತ್ತೆ ಬರೀಬಹುದು, ಬರೆಯದೇನೂ ಇರಬಹುದು. ಹನ್ನೊಂದನೇ ವಯಸ್ಸಿಗೆ ಓಡೋಕೆ ಶುರು ಮಾಡಿದ ಹುಡುಗಿಗೆ ಮೂರು ವರ್ಷ ಆಗುವಾಗ ಹದಿನಾಲ್ಕು. ಮೈ ಬದಲಾಗುವ, ಮನೆಯಲ್ಲಿ ಓಡಾಟ ಸಾಕು ಅನ್ನುವ ವಯಸ್ಸು ಅದು. ಅವಳಿಗೆ ಕೋಚ್ ಅತ್ಯಂತ ಬೇಕಾದ ಹೊತ್ತಿಗೇ ಯೋಜನೆಯ ಕಡತ ಮುಚ್ಚಿರುತ್ತೆ.

ಇದು ಬರೀ ಕಲ್ಪನೆ ಅಲ್ಲ, ನಮ್ಮ ನಾಡಿನಲ್ಲೇ ಒಮ್ಮೆ ಆಗಿಹೋದದ್ದು. ಅವತ್ತು ದುಡ್ಡು ಕಂಪನಿಯದ್ದಲ್ಲ, ಸರ್ಕಾರದ್ದು. ಉತ್ತರ ಕನ್ನಡದ ಕಾಡಂಚಿನಲ್ಲಿರೋ ಸಿದ್ದಿಗಳ ಕಥೆ ನಮ್ಮಲ್ಲಿ ಬಹಳ ಜನರಿಗೆ ಅರ್ಧಂಬರ್ಧ ಗೊತ್ತು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ಇದ್ದಾರೆ. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರು ಅವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದಾಗ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದ 'ಸ್ಪೆಷಲ್ ಏರಿಯಾ ಗೇಮ್ಸ್' ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿದರು. ಹಳ್ಳಿಯಿಂದ ಕರೆದುಕೊಂಡು ಹೋಗಿ ಹಾಸ್ಟೆಲ್‌ನಲ್ಲಿಟ್ಟು, ಊಟ, ಓದು, ತರಬೇತಿ ಕೊಟ್ಟರು. ಕಮಲಾ ಸಿದ್ದಿ ಅವರಂಥ ಅಥ್ಲೀಟುಗಳು ಹೊರಬಂದದ್ದು ಅಲ್ಲಿಂದಲೇ. 1993ಕ್ಕೆ ಯೋಜನೆ ನಿಂತುಹೋಯ್ತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ಉಳಿದವರು ಟ್ರ್ಯಾಕ್ ಬಿಟ್ಟು ಮತ್ತೆ ಗದ್ದೆ, ಕೂಲಿ ಅಂತ ಊರಿಗೆ ಹೋದರು. ಸ್ಪೈಕ್ ಬೂಟು ಹಾಕಿ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಓಡಿದವರಿಗೆ ವಾಪಸ್ ಬಂದಾಗ ಊರಲ್ಲಿ ಒಂದು ಮಣ್ಣಿನ ಮೈದಾನವೂ ಇರಲಿಲ್ಲ.

ಇಲ್ಲಿ ನಮಗೆ ಕಾಣೋ ತಪ್ಪು ಬರೀ ಯೋಜನೆ ನಿಂತದ್ದಲ್ಲ. ಶುರುವಾದ ರೀತಿಯಲ್ಲೂ ಒಂದು ತಪ್ಪಿತ್ತು. ಇವರು ಆಫ್ರಿಕಾ ಮೂಲದವರು, ಆದ್ದರಿಂದ ಓಟ ಇವರ ರಕ್ತದಲ್ಲೇ ಇದೆ, ಪದಕ ಬೇಗ ಬರುತ್ತೆ ಅನ್ನೋ ಲೆಕ್ಕಾಚಾರ ಅದರ ಹಿಂದಿತ್ತು. ಇವತ್ತಿಗೂ ಸಿದ್ದಿ ಮಕ್ಕಳ ಬಗ್ಗೆ ಬರುವ ವಿಡಿಯೋಗಳಲ್ಲಿ ಈ ಮಾತು ಕೇಳಿಸುತ್ತೆ. ಹೊಗಳಿಕೆ ಥರ ಕಾಣೋ ಈ ಮಾತು ಆ ಮಗುವಿನ ಬೆವರನ್ನು ಅಳಿಸಿಹಾಕುತ್ತೆ. ಗೆದ್ದರೆ ರಕ್ತ ಗೆದ್ದಿತು ಅಂತೀವಿ, ಸೋತರೆ ಹುಡುಗ ಸೋಮಾರಿ ಅಂತೀವಿ. ಪದಕಕ್ಕಾಗಿ ಮಾತ್ರ ಆರಿಸಿದ ಮಗು, ಪದಕ ಬರದಿದ್ದ ದಿನ ಯಾರಿಗೂ ಬೇಡವಾಗುತ್ತೆ. ಓಡೋಕೆ ಇಷ್ಟ ಇಲ್ಲದೆ ಚಿತ್ರ ಬರೆಯೋ ಸಿದ್ದಿ ಹುಡುಗನೂ ಇರ್ತಾನೆ ಅಲ್ವಾ? ಈ ದೇಶದಲ್ಲಿ ನಮ್ಮನ್ನು ಕಂಡ ಕೂಡಲೇ "ಇಂಡಿಯಾದವರಾ, ಹಾಗಾದರೆ ಐಟಿ" ಅಂದರೆ ನಮಗೆ ಎಷ್ಟು ಕಸಿವಿಸಿ ಆಗುತ್ತೆ ಅಂತ ನೆನೆಸಿಕೊಂಡರೆ ಸಾಕು, ಇದು ಅರ್ಥ ಆಗುತ್ತೆ.

ಈಗಿನ ಪರಿಸ್ಥಿತಿ ಅಷ್ಟು ಕತ್ತಲೆ ಏನಲ್ಲ. ಮುಂಡಗೋಡದಲ್ಲಿ ನಿತೀಶ್ ಚಿನಿವಾರ್ ಶುರು ಮಾಡಿದ 'ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್' ಸಂಸ್ಥೆ ಸಿದ್ದಿ ಮಕ್ಕಳೂ ಸೇರಿದಂತೆ ಆ ಭಾಗದ ಮಕ್ಕಳಿಗೆ ಓಟದ ತರಬೇತಿ ಕೊಡ್ತಾ ಇದೆ. ಮಕ್ಕಳನ್ನು ದೂರದ ಊರಿಗೆ ಒಯ್ಯೋದಕ್ಕಿಂತ ತರಬೇತಿಯನ್ನೇ ಅವರ ಹತ್ತಿರಕ್ಕೆ ತರೋದು ಸರಿಯಾದ ದಾರಿ ಅಂತ ನಮಗೆ ಅನ್ಸುತ್ತೆ. ಇನ್ನೊಂದು ತುದಿಯಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ ಜೆಎಸ್‌ಡಬ್ಲ್ಯು ಮುಂದಾಳತ್ವದಲ್ಲಿ, ಬೇರೆ ಕಂಪನಿಗಳ ನೆರವೂ ಸೇರಿ, 2018ರಲ್ಲಿ 'ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್' ತೆರೆಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಕಲಿಯೋರಿಗೆ ಅಲ್ಲೇ ವಸತಿ, ಅಲ್ಲೇ ಫಿಸಿಯೋ. ಅಂಥ ಕೇಂದ್ರ ಸರ್ಕಾರದ ಕೈಯಲ್ಲಿ ಅಷ್ಟು ಬೇಗ ಆಗ್ತಿರಲಿಲ್ಲ ಅನ್ನೋದನ್ನು ಒಪ್ಪಲೇಬೇಕು. ಆದರೆ ಅದು ಏಣಿಯ ಮೇಲಿನ ಮೆಟ್ಟಿಲು. ಹಳ್ಳಿಯ ಮಗು ಅಲ್ಲಿಗೆ ಹತ್ತಬೇಕಾದರೆ ಕೆಳಗಿನ ಮೆಟ್ಟಿಲುಗಳು ಇರಬೇಕು: ಊರ ಮೈದಾನ, ವಾರಕ್ಕೆ ಮೂರು ದಿನ ತಪ್ಪದೆ ಬರೋ ಕೋಚ್, ತಾಲೂಕು ಮಟ್ಟದ ಪಂದ್ಯ, ಬಸ್ ಚಾರ್ಜು.

ಜರ್ಮನಿಯಲ್ಲಿ ಈ ಕೆಳಗಿನ ಮೆಟ್ಟಿಲು ಗಟ್ಟಿಯಾಗಿದೆ. ಇಲ್ಲಿ ಸುಮಾರು 86 ಸಾವಿರ ಕ್ರೀಡಾ 'ಫೆರೈನ್'ಗಳಿವೆ. ನಮ್ಮೂರ ಯುವಕ ಸಂಘ, ಗರಡಿಮನೆ ಎರಡನ್ನೂ ಸೇರಿಸಿ ನೋಂದಣಿ ಮಾಡಿಸಿದ ಹಾಗೆ ಅಂದುಕೊಳ್ಳಿ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಫೆರೈನ್ ಚಂದಾ ಕಟ್ಟೋಕೆ ಸರ್ಕಾರ ತಿಂಗಳಿಗೆ 15 ಯೂರೋ ಕೊಡುತ್ತೆ. 2011ರಲ್ಲಿ 10 ಯೂರೋದಿಂದ ಶುರುವಾಗಿ, 2019ರಲ್ಲಿ 15 ಆಯ್ತು. ಸಂಜೆ ಹೊತ್ತು ಕಲಿಸೋ ಕೋಚ್‌ಗೆ ಸಿಗುವ ಸಣ್ಣ ಗೌರವಧನಕ್ಕೆ ತೆರಿಗೆ ಇಲ್ಲ. ಅದರ ಮಿತಿಯನ್ನು 2021ರಲ್ಲಿ ವರ್ಷಕ್ಕೆ 3000 ಯೂರೋಗೆ ಏರಿಸಿದರು. ಇಲ್ಲೂ ಎಲ್ಲ ಸರಿ ಇದೆ ಅಂತಲ್ಲ. 15 ಯೂರೋದಲ್ಲಿ ಕುದುರೆ ಸವಾರಿ ಕಲಿಯೋಕಾಗಲ್ಲ. ಅರ್ಜಿ ತುಂಬೋಕೆ ಭಾಷೆ ಬಾರದ ಅಪ್ಪ ಅಮ್ಮ ಒದ್ದಾಡ್ತಾರೆ. ಆದರೂ ದುಡ್ಡು ಮಗುವಿನ ಹಿಂದೆ ಹೋಗುತ್ತೆ, ಫೋಟೋ ಹಿಂದೆ ಹೋಗಲ್ಲ.

ಕಂಪನಿ ಅಂದ ಮೇಲೆ ನಮ್ಮ ಊರಿನದೇ ಒಂದು ಪ್ರಸಂಗ ಹೇಳಲೇಬೇಕು. ಬೋಲೆನ್‌ಫಾಲ್‌ಟೋರ್ ಸ್ಟೇಡಿಯಂಗೆ ತನ್ನ ಹೆಸರಿಡೋ ಹಕ್ಕನ್ನು ಡಾರ್ಮ್‌ಸ್ಟಾಟ್‌ನ ಮೆರ್ಕ್ ಕಂಪನಿ ದುಡ್ಡು ಕೊಟ್ಟು ಪಡೆದಿತ್ತು. ಯೊನಾಥನ್ ಹೈಮೆಸ್ ಅನ್ನೋ ಈ ಊರಿನ ಹುಡುಗ ಟೆನಿಸ್‌ನಲ್ಲಿ ಭರವಸೆ ಮೂಡಿಸಿದ್ದ. ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬಂತು. ಡಾರ್ಮ್‌ಸ್ಟಾಟ್ 98ರ ಅಭಿಮಾನಿಯಾಗಿದ್ದ ಅವನು 'ನೀನು ಹೋರಾಡಲೇಬೇಕು' ಅನ್ನೋ ಘೋಷಣೆಯ ಕೈಪಟ್ಟಿಗಳನ್ನು ಹಂಚಿ, ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ ಹಣ ಕೂಡಿಸಿದ. 2016ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಅವನಿಗೆ 26 ವರ್ಷ. 2016-17ರ ಇಡೀ ಸೀಸನ್ ಮೆರ್ಕ್ ತನ್ನ ಹೆಸರನ್ನು ಬದಿಗಿಟ್ಟು, ಸ್ಟೇಡಿಯಂಗೆ ಆ ಹುಡುಗನ ಹೆಸರಿಡಲು ಬಿಟ್ಟುಕೊಟ್ಟಿತು. ಅದರಿಂದ ಕಂಪನಿಗೂ ಒಳ್ಳೇ ಹೆಸರು ಬಂತು ಅನ್ನೋದು ನಿಜವೇ. ಬರಲಿ ಬಿಡಿ. ಕೊಡೋರು ಒಂದು ವರ್ಷವಾದರೂ ಪಕ್ಕಕ್ಕೆ ಸರಿದು ನಿಂತರೆ ಮುಂದೆ ನಿಂತವರ ಮುಖ ಕಾಣುತ್ತೆ.

"ದುಡ್ಡು ಕೊಡೋರಿಗೆ ಇಷ್ಟೆಲ್ಲ ಷರತ್ತು ಹಾಕಿದರೆ ಅವರು ಕೊಡೋದನ್ನೇ ನಿಲ್ಲಿಸ್ತಾರೆ" ಅಂತ ನಮ್ಮಲ್ಲೇ ಒಬ್ಬರು ವಾದ ಮಾಡಿದರು. ಆ ಭಯ ಸುಳ್ಳಲ್ಲ. "ಇದೆಲ್ಲ ಸರ್ಕಾರದ ಕೆಲಸ" ಅಂತ ಇನ್ನೊಬ್ಬರು. ಅದೂ ನಿಜ, ಆದರೆ 1993ರಲ್ಲಿ ಕೈಬಿಟ್ಟದ್ದೂ ಸರ್ಕಾರವೇ. ಆದ್ದರಿಂದ ದುಡ್ಡು ಯಾರದು ಅನ್ನೋದಕ್ಕಿಂತ ಮಾತು ಎಷ್ಟು ವರ್ಷದ್ದು ಅನ್ನೋದೇ ಮುಖ್ಯ ಅಂತ ನಾವು ಅಂತೀವಿ. ನಾವು ಕೇಳೋದು ಬಹಳ ಇಲ್ಲ. ಒಂದು ಮಗುವನ್ನು ಸೇರಿಸಿಕೊಂಡರೆ ಶಾಲೆ ಮುಗಿಯೋವರೆಗೆ ಕೈಬಿಡಬೇಡಿ. ಕಾನೂನು ಮೂರು ವರ್ಷ ಅಂದರೆ, ಮುಂದಿನ ಮೂರು ವರ್ಷದ ಯೋಜನೆ ಈಗಲೇ ಬರೆದಿಡಿ. ಬೂಟಿಗೆ ಕೊಡುವ ಮೊದಲು ಕೋಚ್ ಸಂಬಳಕ್ಕೆ ಕೊಡಿ, ಆ ಕೋಚ್ ಅದೇ ಊರಿನವರಾದರೆ ಇನ್ನೂ ಒಳ್ಳೇದು. ಹಿಂದೆ ಓಡಿ ಮನೆಗೆ ವಾಪಸಾದ ಸಿದ್ದಿ ಅಕ್ಕಂದಿರು ಅಣ್ಣಂದಿರು ಅಲ್ಲೇ ಇದ್ದಾರೆ, ಅವರಿಗಿಂತ ಚೆನ್ನಾಗಿ ಕಲಿಸೋರು ಯಾರು? ವರದಿಯಲ್ಲಿ ಎಷ್ಟು ಮಕ್ಕಳಿಗೆ ಕಿಟ್ ಕೊಟ್ಟೆವು ಅಂತ ಬರೆಯೋ ಜಾಗದಲ್ಲಿ, ಮೂರು ವರ್ಷದ ಹಿಂದೆ ಸೇರಿದವರಲ್ಲಿ ಇವತ್ತೂ ಮೈದಾನಕ್ಕೆ ಬರೋರು ಎಷ್ಟು, ಅದರಲ್ಲಿ ಹೆಣ್ಣುಮಕ್ಕಳು ಎಷ್ಟು ಅಂತ ಬರೀರಿ.

ಇನ್ನು ನಮ್ಮ ಪಾಲು. ಇವತ್ತು ಮೆನ್ಸಾದಲ್ಲಿ ತಟ್ಟೆ ಹಿಡಿದು ಸಾಲಲ್ಲಿ ನಿಲ್ಲೋ ನಾವೇ ನಾಳೆ ಕಂಪನಿಗಳಲ್ಲಿ ಕೂರೋರು. ಮುಂದೊಂದು ದಿನ ಸಿಎಸ್‌ಆರ್ ಸಮಿತಿಯ ಮೇಲ್ ನಮ್ಮ ಇನ್‌ಬಾಕ್ಸಿಗೂ ಬರುತ್ತೆ, ಶನಿವಾರದ ಬಸ್ ನಮಗೂ ಕಾಯುತ್ತೆ. ಅವತ್ತು ಬಸ್ ಹತ್ತೋ ಮೊದಲು "ಸೋಮವಾರ ಆ ಮೈದಾನಕ್ಕೆ ಯಾರು ಬರ್ತಾರೆ?" ಅಂತ ಒಂದು ಪ್ರಶ್ನೆ ಕೇಳೋಣ. ಅದಕ್ಕಿಂತ ಮೊದಲು ನಮ್ಮ ಸಂಘದಿಂದಲೇ ಒಂದು ಸಣ್ಣ ಕೆಲಸ ಶುರು ಮಾಡಬಹುದು. ಪ್ರತಿ ವರ್ಷ ರಾಜ್ಯೋತ್ಸವದ ಊಟ, ಕ್ರಿಕೆಟ್ ಟೂರ್ನಿ ಮುಗಿದ ಮೇಲೆ ಒಂದಿಷ್ಟು ಹಣ ಉಳಿಯುತ್ತೆ. ಅದನ್ನು ಪ್ರತಿ ಸಲ ಹೊಸ ಜಾಗಕ್ಕೆ ಕೊಟ್ಟು ಫೋಟೋ ಹಾಕೋದರ ಬದಲು, ಒಂದೇ ಊರಿನ ಒಬ್ಬ ಕೋಚ್‌ನ ಬಸ್ ಚಾರ್ಜಿಗೆ ಐದು ವರ್ಷ ಬಿಡದೆ ಕಳಿಸೋಣ ಅಂತ ನಮ್ಮ ಸಲಹೆ. ಸಂಘದ ಪದಾಧಿಕಾರಿಗಳು ವರ್ಷ ವರ್ಷ ಬದಲಾಗ್ತಾರೆ, ಓದು ಮುಗಿಸಿ ಊರು ಬಿಡ್ತಾರೆ. ಆದ್ದರಿಂದಲೇ ಇದನ್ನು ಮುಂದಿನ ಸಭೆಯ ನಡಾವಳಿಯಲ್ಲಿ ಬರೆದಿಡಬೇಕು.

ಹಳಿಯಾಳದ ಗೆಳೆಯನಿಗೆ ಈ ಲೇಖನ ಓದಿ ತೋರಿಸಿದೆವು. "ಐದು ವರ್ಷ ಅಂತ ಬರದೀರಿ, ನೆನಪಿರಲಿ. ನಾ ಎಣಿಸ್ತೀನಿ" ಅಂದ.