ಕೈಗೆಟಕುವ ಬಂಡವಾಳ
ಹಣವು ಅಲ್ಪವಾದೆಡೆಯಲ್ಲಿ ಬುದ್ಧಿಯೂ ಕೈಕಸುಬೂ ಬಂಡವಾಳವಾಗಬಲ್ಲವೆಂಬುದಕ್ಕೆ ನಿದರ್ಶನವನ್ನರಸುವವರು ಮಂಡ್ಯ ಜಿಲ್ಲೆಯ ಮೇಲುಕೋಟೆಯ ಬೆಟ್ಟವನ್ನೇರಿ, ಜಯಪ್ರಕಾಶ ನಾರಾಯಣರ ಒಡನಾಡಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಸ್ಥಾಪಿಸಿದ ಜನಪದ ಸೇವಾ ಟ್ರಸ್ಟಿನ ಖಾದಿ ಕಾರ್ಯವನ್ನು ಕಣ್ಣಾರೆ ಕಾಣತಕ್ಕದ್ದು. ಕೈಮಗ್ಗಕ್ಕೆ ವಿದ್ಯುತ್ತಿನ ಹಂಗಿಲ್ಲ. ಅಂತೆಯೇ ದಾಳಿಂಬೆಯ ಸಿಪ್ಪೆಯಿಂದ ಹಳದಿಯನ್ನೂ, ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಲವು ದಿನ ನೆನೆಹಾಕಿ, ಅಳಲೆಕಾಯಿಯ ಕಷಾಯವನ್ನು ಹೀರಿದ ನೂಲನ್ನು ಆ ರಸದಲ್ಲಿ ಅದ್ದಿ ಕಪ್ಪನ್ನೂ ಪಡೆಯುವ ನೈಸರ್ಗಿಕ ಬಣ್ಣಗಾರಿಕೆಯು, ಪರದೇಶದ ರಾಸಾಯನಿಕವನ್ನು ಬೇಡದೆ, ಬೆಲ್ಲಕ್ಕೆ ಹೆಸರಾದ ಮಂಡ್ಯದಂತಹ ಸೀಮೆಗೆ ಸಹಜವಾಗಿ ಒಗ್ಗುವ ವಿದ್ಯೆ. ನವೋದ್ಯಮವನ್ನು ಆರಂಭಿಸಲೆಳಸುವ ತರುಣರು ಸಾಲಪತ್ರಕ್ಕೆ ರುಜು ಹಾಕುವ ಮುನ್ನ, ತಮ್ಮ ಊರಿನಲ್ಲಿ ಏನು ಬೆಳೆಯುತ್ತದೆ, ಯಾರ ಕೈಯಲ್ಲಿ ಯಾವ ಕಸುಬಿದೆ ಎಂಬುದನ್ನು ಮೊದಲು ಎಣಿಸಿಕೊಳ್ಳಲಿ.