ಪ್ರೀಪೋನ್ ಅಂದ್ರ ನಗಬ್ಯಾಡ್ರಿ

ಅಕ್ಕಾರ, ಅತ್ತಿಗೆಮ್ಮಾರ, ಇವತ್ತು ಅಡುಗಿ ಮಾತು ಬಿಟ್ಟು ಒಂದು ಇಂಗ್ಲಿಷ್ ಪದದ ಪರವಾಗಿ ಜಗಳಕ್ಕ ನಿಂತೀನಿ. ಆ ಪದ ‘ಪ್ರೀಪೋನ್’. ಗೊತ್ತು ಮಾಡಿದ ದಿನಕ್ಕಿಂತ ಮೊದಲ ಮಾಡೋದು, ಅಷ್ಟ ಅದರ ಅರ್ಥ.

ಹೋದ ವರ್ಷ ನಮ್ಮ ಮನ್ಯಾಗ ಕುಬುಸ ಇತ್ತು. ಗುರುವಾರ ಅಂತ ಗೊತ್ತು ಮಾಡಿದ್ವಿ. ಅಳಿಯಗ ಅವತ್ತು ರಜಾ ಸಿಗಲಿಲ್ಲ ಅಂತ ಮೂರು ದಿನ ಮೊದಲ, ಸೋಮವಾರಕ್ಕ ಇಟ್ಟುಕೊಂಡ್ವಿ. ದೊಡ್ಡವ್ವಗ ಫೋನ್ ಹಚ್ಚಿ “ಪ್ರೀಪೋನ್ ಆಗೈತಿ” ಅನ್ನಾಕ ಹೊಂಟಿದ್ದೆ. ಬೆಂಗಳೂರಾಗ ಓದಿದ ನಮ್ಮ ಹುಡುಗಿ ತಡದ್ಲು: “ಚಿಕ್ಕವ್ವ, ಅದು ಇಂಗ್ಲಿಷೇ ಅಲ್ಲ, ಕೇಳಿದವರು ನಗ್ತಾರ. ಬ್ರಿಂಗ್ ಫಾರ್ವರ್ಡ್ ಅನ್ನಬೇಕು.” ತಾನ ಫೋನ್ ಇಸಗೊಂಡು, ಅದನ್ನ ಕನ್ನಡಕ್ಕ ತಿರುವಿ, “ಮೂರು ದಿನ ಮುಂದಕ್ಕ ತಂದೀವಿ” ಅಂದ್ಲು.

ದೊಡ್ಡವ್ವ ಬೆರಳು ಎಣಿಸಿದ್ಲು. ಗುರುವಾರದ ಮುಂದ ಮೂರು ದಿನ, ಭಾನುವಾರ! ಸೋಮವಾರ ಮುಂಜಾನೆ “ಎಲ್ಲಿಗೆ ಬಂದಿ?” ಅಂತ ಕೇಳಿದ್ರ ಅಕಿ ಮನ್ಯಾಗ ಉಂಡಿಗೆ ಹಿಟ್ಟು ಹುರಿಯಾಕ ಕುಂತಿದ್ಲು. ಬಸ್ ಹಿಡದು ಬರೋದ್ರಾಗ ಆರತಿ ಮುಗದಿತ್ತು. ಹಸಿರು ಸೀರಿ ಕೈಯಾಗ ಹಿಡಕೊಂಡು “ನನ್ನ ಬಿಟ್ಟ ಮಾಡಿದ್ರೇನ?” ಅಂತ ಒಂದ ಮಾತು ಕೇಳಿದ್ಲು. ನಾನು ಏನು ಹೇಳಲಿ?

ತಪ್ಪು ದೊಡ್ಡವ್ವಂದಲ್ಲ. ನಮ್ಮ ಮಾತಿನಾಗ ‘ಮುಂದ’ ಅಂದ್ರ ಬರೋ ಕಾಲ. ಮುಂದಿನ ವಾರ, ಮುಂದಿನ ವರ್ಷ, ಮುಂದೂಡೋದು. ಇಂಗ್ಲಿಷಿನವರ ‘ಫಾರ್ವರ್ಡ್’ ದಿನವನ್ನ ನಮ್ಮ ಕಡಿಗೆ ಎಳಿತೈತಿ. ಎರಡರ ದಿಕ್ಕ ಬ್ಯಾರೆ. ‘ಪ್ರೀಪೋನ್’ನಾಗ ಈ ಗೊಂದಲ ಇಲ್ಲ.

ಅದಕ ಹುಟ್ಟು ಬುಡ ಇಲ್ಲ ಅಂತೀರಾ? ಲ್ಯಾಟಿನ್ನಿನಾಗ ‘ಪೋನೆರೆ’ ಅಂದ್ರ ಇಡೋದು, ‘ಪೋಸ್ಟ್’ ಅಂದ್ರ ಆಮೇಲೆ, ‘ಪ್ರೀ’ ಅಂದ್ರ ಮೊದಲ. ಪೋಸ್ಟ್‌ಪೋನ್, ಪ್ರೀಪೋನ್ ಒಂದ ಬಳ್ಳಿ ಕಾಯಿ. 16ನೇ ಶತಮಾನದಾಗ ಇಂಗ್ಲೆಂಡಿನವರು ಇದನ್ನ ‘ಎದುರಿಗೆ ಇಡು’ ಅನ್ನೋ ಅರ್ಥದಾಗ ಬರದಾರ. ಈಗಿನ ಅರ್ಥದಾಗ 1913ರಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕಿಗೆ ಬರದ ಒಂದು ಪತ್ರದಾಗ ಐತಿ. ಅದನ್ನ ದಿನಬಳಕಿಗೆ ತಂದು ಬೆಳಸಿದವರು ಮಾತ್ರ ನಾವು, ಭಾರತದವರು. ಆಕ್ಸ್‌ಫರ್ಡ್ ನಿಘಂಟಿನಾಗೂ ಜಾಗ ಸಿಕ್ಕೈತಿ. ಲಂಡನ್ನಿನವರು ಕಟ್ಟಿದ್ರ ಪದ, ನಾವು ಬಳಸಿದ್ರ ತಪ್ಪಾ?

“ಕನ್ನಡದಾಗ ಹೇಳಬಾರದೇನು?” ಅಂತ ಕೇಳೋರಿಗೆ ನನ್ನ ತಕರಾರಿಲ್ಲ. “ಗುರುವಾರ ಅಲ್ಲ, ಸೋಮವಾರನ” ಅಂದ್ರ ಎಲ್ಲಕ್ಕಿಂತ ಚಲೋ. ಆದ್ರ ಒಂದು ಇಂಗ್ಲಿಷ್ ತಗದು ಇನ್ನೊಂದು ಇಂಗ್ಲಿಷ್ ಇಟ್ಟು, ಅದಕ ಶಾಣ್ಯಾತನ ಅಂತ ಹೆಸರಿಡಬ್ಯಾಡ್ರಿ. ಪರೀಕ್ಷೆ, ನಿಶ್ಚಿತಾರ್ಥ, ಬಸ್ಸಿನ ಟಿಕೆಟ್ಟು ಎಲ್ಲಾ ಪ್ರೀಪೋನ್ ಆಗ್ತಾವು. ನಮ್ಮ ಕೊಟ್ಟೂರೇಶ್ವರನ ತೇರು ಒಂದ ಆಗಂಗಿಲ್ಲ, ಅದು ಮೂಲಾ ನಕ್ಷತ್ರಕ್ಕ ಕಾಯ್ತೈತಿ.

ಕೂಸಿನ ತೊಟ್ಟಿಲಕ್ಕ ದೊಡ್ಡವ್ವಗ ನಾನ ಫೋನ್ ಮಾಡಿದೆ. ವಾರ, ತಾರೀಖು ಎರಡೆರಡು ಸಲ ಹೇಳಿದೆ. ಅಕಿನ ಕೇಳಿದ್ಲು: “ಪ್ರೀಪೋನ್ ಏನೂ ಇಲ್ಲಲ್ಲ?”