ಬಾಟಲಿಗೊಂದೆಳೆ ಕೇಸರಿ

ಕೇಸರಿಬಾತಿನಲ್ಲಿ ಕೇಸರಿ ಇರೋದಿಲ್ಲ ಅನ್ನೋದು ನಮಗೆಲ್ಲಾ ಗೊತ್ತಿರೋ ವಿಷಯವೇ. ದರ್ಶಿನಿಯ ಚೌಚೌಬಾತ್ ಪ್ಲೇಟಿನಲ್ಲಿ ಖಾರಾಬಾತಿನ ಪಕ್ಕ ಕೂತು ಮಿಂಚೋ ಆ ಬಣ್ಣ ಬಹಳ ಸಲ ಬಂದಿರೋದು ಡಬ್ಬಿಯೊಳಗಿನ ಪುಡಿಯಿಂದ, ಕಾಶ್ಮೀರದಿಂದಲ್ಲ. ಅದಕ್ಕೆ ಯಾರೂ ಮಾಣಿ ಹತ್ರ ಜಗಳ ತೆಗೆದದ್ದಿಲ್ಲ. ಯಾಕಂದ್ರೆ ಅಲ್ಲಿ ಕೇಸರಿ ಅನ್ನೋದು ಬಣ್ಣದ ಹೆಸರು, ನಾವು ಕೊಡೋ ದುಡ್ಡು ರವೆ, ಸಕ್ಕರೆ, ತುಪ್ಪಕ್ಕೆ. ಆದರೆ ಅದೇ ಹೆಸರು 30 ಎಂ.ಎಲ್. ಗಾಜಿನ ಬಾಟಲಿ ಮೇಲೆ ಚಿನ್ನದ ಅಕ್ಷರದಲ್ಲಿ 'ಸ್ಯಾಫ್ರನ್' ಅಂತ ಬಂದು, ಬೆಲೆ ನಲವತ್ತು ಡಾಲರ್ ಆದಾಗ ಲೆಕ್ಕ ಬೇರೆ. ಅಲ್ಲಿ ನಾವು ದುಡ್ಡು ಕೊಡೋದೇ ಆ ಹೆಸರಿಗೆ.

ಇದೆಲ್ಲ ಈಗ್ಯಾಕೆ ಅಂದ್ರೆ, ಇಲ್ಲಿನ ನಮ್ಮ ಕನ್ನಡಕೂಟದ ಪರಿಚಯದ ಹೆಣ್ಣುಮಗಳೊಬ್ಬರು ಸಾಫ್ಟ್‌ವೇರ್ ಕೆಲಸ ಹೋದ ಮೇಲೆ ಸ್ವಂತದ್ದೇನಾದ್ರೂ ಮಾಡೋಣ ಅಂತ ಹೊರಟಿದ್ದಾರೆ. ತಮ್ಮದೇ ಹೆಸರಿನಲ್ಲಿ ಕುಂಕುಮಾದಿ ತೈಲ ಮಾರೋ ಯೋಚನೆ. ಹಾಕ್ತಿರೋದು ಉಳಿತಾಯದ ಹಣ. "ರಾಯರೇ, ನೀವು ಲೆಕ್ಕದ ಮನುಷ್ಯರು, ಇದನ್ನೊಂಚೂರು ನೋಡಿ ಹೇಳಿ" ಅಂತ ಕಾರ್ಖಾನೆಯವರ ಕೊಟೇಶನ್ನು ಕಳಿಸಿದ್ರು.

ಈ ವ್ಯಾಪಾರಕ್ಕೆ ಪ್ರೈವೇಟ್ ಲೇಬಲ್ ಅಂತಾರೆ. ಕಾಸ್ಟ್‌ಕೋದ 'ಕರ್ಕ್‌ಲ್ಯಾಂಡ್' ಹೆಸರಿನ ಮಾಲು ಗೊತ್ತಲ್ಲ? ಬಹುಪಾಲು ಬೇರೆ ಯಾರೋ ತಯಾರಿಸಿದ್ದು, ಚೀಟಿ ಮಾತ್ರ ಅಂಗಡಿಯವರದ್ದು. ಅದೇ ಸೂತ್ರ ಈಗ ಕೆಲವು ನೂರು ಬಾಟಲಿ ಕೊಳ್ಳೋ ತಾಕತ್ತಿದ್ದ ಯಾರಿಗೆ ಬೇಕಾದ್ರೂ ಸಿಗುತ್ತೆ. ಕಾರ್ಖಾನೆಯವರ ಕ್ಯಾಟಲಾಗಿನಲ್ಲಿ ಎಣ್ಣೆ ಆರಿಸಿ, ಪರಿಮಳ ಆರಿಸಿ, ಬಾಟಲಿ ಆರಿಸಿ, ಹೆಸರು ಕೊಡಿ, ಮುಗೀತು. ಲೇಬಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ 'ಡಿಸ್ಟ್ರಿಬ್ಯೂಟೆಡ್ ಬೈ' ಅಂತಲೋ 'ಮ್ಯಾನುಫ್ಯಾಕ್ಚರ್ಡ್ ಫಾರ್' ಅಂತಲೋ ಇದ್ರೆ, ಮಾಡಿದವರು ಬೇರೆ, ಮಾರುವವರು ಬೇರೆ ಅಂತ ತಿಳ್ಕೊಳ್ಳಿ. ಇದರಲ್ಲಿ ಮೋಸವೇನೂ ಇಲ್ಲ, ಕಾನೂನೇ ಹಾಗೆ ಬರೀರಿ ಅನ್ನುತ್ತೆ.

ನಾನು ನಿಂತಿದ್ದು ಆ ಕೊಟೇಶನ್ನಿನ ಒಂದೇ ಸಾಲಿನ ಹತ್ರ. ಸಾದಾ ಎಣ್ಣೆಗೆ ಇಷ್ಟು, 'ಪ್ರೀಮಿಯಂ ಸ್ಯಾಫ್ರನ್' ಬೇಕಂದ್ರೆ ಬಾಟಲಿಗೆ 60 ಸೆಂಟ್ ಜಾಸ್ತಿ. ಕೆಳಗೆ ಒಂದು ಸಲಹೆ: ಮಾರೋ ಬೆಲೆಯನ್ನ 15 ಡಾಲರ್ ಏರಿಸಬಹುದು! ಕೇಸರಿ ಎಷ್ಟು ಹಾಕ್ತಾರೆ ಅನ್ನೋದು? ಶೇಕಡಾ 0.01.

ಬನ್ನಿ, ಲೆಕ್ಕ ಹಾಕೋಣ. ಒಂದು ಹೂವಿಗೆ ಮೂರೇ ಮೂರು ಕೆಂಪು ಎಳೆ. ಒಂದು ಕಿಲೋ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವು ಬೇಕು, ಅಂದ್ರೆ ನಾಲ್ಕೂವರೆ ಲಕ್ಷ ಎಳೆ. ಹಾಗಾಗಿ ಒಂದು ಎಳೆಯ ತೂಕ ಎರಡು ಮಿಲಿಗ್ರಾಂ ಚಿಲ್ಲರೆ. 30 ಎಂ.ಎಲ್. ಎಣ್ಣೆ ಸುಮಾರು 27 ಗ್ರಾಂ ತೂಗುತ್ತೆ. ಅದರ ಶೇಕಡಾ 0.01 ಅಂದ್ರೆ 2.7 ಮಿಲಿಗ್ರಾಂ. ಬಾಟಲಿಗೆ ಒಂದೆಳೆ, ಕೊಸರಿಗೊಂದು ಚೂರು! ಇಲ್ಲಿ ಒಳ್ಳೇ ಕೇಸರಿ ಗ್ರಾಂಗೆ 5 ಡಾಲರ್ ಅಂತಿಟ್ಟುಕೊಂಡ್ರೂ ಆ ಎಳೆಯ ಬೆಲೆ ಒಂದೂವರೆ ಸೆಂಟ್ ಕೂಡ ಆಗಲ್ಲ. ಒಂದೂವರೆ ಸೆಂಟಿನದ್ದು ಕಾರ್ಖಾನೆ ಬಾಗಿಲು ದಾಟುವಾಗ 60 ಸೆಂಟ್, ಗಿರಾಕಿ ಕೈ ಸೇರುವಾಗ 15 ಡಾಲರ್.

ಇದು ಕಾನೂನುಬಾಹಿರವಾ? ಅಲ್ಲ, ಅದೇ ತಮಾಷೆ. ಅಮೆರಿಕದಲ್ಲಿ ಸೌಂದರ್ಯವರ್ಧಕಗಳ ಲೇಬಲ್ಲಿನಲ್ಲಿ ಸಾಮಗ್ರಿಗಳನ್ನ ತೂಕದ ಇಳಿಕೆ ಕ್ರಮದಲ್ಲಿ ಬರೀಬೇಕು. ಆದರೆ ಶೇಕಡಾ 1 ಅಥವಾ ಅದಕ್ಕೂ ಕಮ್ಮಿ ಇರೋದನ್ನ, ಹೆಚ್ಚಿನವೆಲ್ಲ ಮುಗಿದ ಮೇಲೆ, ಯಾವ ಕ್ರಮದಲ್ಲಿ ಬೇಕಾದ್ರೂ ಬರೀಬಹುದು. ಹಾಗಾಗಿ ಒಂದೆಳೆ ಕೇಸರಿ, ತನಗಿಂತ ಐವತ್ತು ಪಟ್ಟು ಜಾಸ್ತಿ ಇರೋ ವಿಟಮಿನ್ ಇ ಮುಂದೆ ಧಿಮಾಕಿನಿಂದ ಕೂರಬಹುದು. ಇನ್ನೊಂದು ದಾರಿ 'ಸ್ಯಾಫ್ರನ್ ಎಕ್ಸ್‌ಟ್ರಾಕ್ಟ್'. ಚೂರು ಕೇಸರಿಯನ್ನ ಗ್ಲಿಸರಿನ್ನಿನಲ್ಲಿ ನೆನೆಸಿದ್ರೂ ಎಕ್ಸ್‌ಟ್ರಾಕ್ಟೇ. ಆಮೇಲೆ 'ಶೇಕಡಾ 2 ಎಕ್ಸ್‌ಟ್ರಾಕ್ಟ್ ಇದೆ' ಅಂತ ಹೇಳಿದ್ರೆ ಸುಳ್ಳಲ್ಲ, ಆದರೆ ಅದರಲ್ಲಿ ಬಹುಪಾಲು ಗ್ಲಿಸರಿನ್ನೇ ಇರಬಹುದು.

ಕುಂಕುಮಾದಿ ತೈಲದಲ್ಲಂತೂ ಹೆಸರಿನದ್ದೇ ಒಂದು ಗೋಜಲು. ನಮಗೆ ಕುಂಕುಮ ಅಂದ್ರೆ ಹಣೆಗಿಡೋದು, ಅರಿಸಿನದಿಂದ ಮಾಡಿದ್ದು. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಕುಂಕುಮ ಅಂದ್ರೆ ಕೇಸರಿಯೇ. ಕುಂಕುಮ 'ಆದಿ'ಯಾಗಿ ಇರೋ ತೈಲ, ಅಂದ್ರೆ ಪಟ್ಟಿಯಲ್ಲಿ ಮೊದಲ ಹೆಸರೇ ಅದು. ಜೊತೆಗೆ ಶ್ರೀಗಂಧ, ಮಂಜಿಷ್ಠ, ಅರಗು, ಜ್ಯೇಷ್ಠಮಧು ಎಲ್ಲ ಸೇರಿಸಿ ಎಳ್ಳೆಣ್ಣೆ, ಆಡಿನ ಹಾಲಿನಲ್ಲಿ ಕುದಿಸಿ ಇಳಿಸ್ತಾರೆ. "ನೋಡಿ ಎಷ್ಟು ಕೆಂಪಗಿದೆ" ಅಂತ ಬಾಟಲಿಯನ್ನ ಬೆಳಕಿಗೆ ಹಿಡಿದು ಕೇಸರಿ ಅಳೆಯೋರಿದ್ದಾರೆ. ಕೇಸರಿಯ ಬಣ್ಣಕ್ಕೆ ಕಾರಣವಾದ ಕ್ರೋಸಿನ್ ಕರಗೋದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಎಣ್ಣೆ ಕೆಂಪಗಿದ್ರೆ ಅದು ಮಂಜಿಷ್ಠದ್ದೋ ಬೇರೆ ಬಣ್ಣದ್ದೋ ಇರಬಹುದು, ಕೇಸರಿಗೆ ಸಾಕ್ಷಿಯಂತೂ ಅಲ್ಲ.

ಮಾತ್ರೆಗಳ ಕಡೆ ಬನ್ನಿ. ಇಲ್ಲಿ ಫಾರ್ಮಸಿಗಳ ಶೆಲ್ಫಿನಲ್ಲಿ ಕೇಸರಿ ಕ್ಯಾಪ್ಸೂಲುಗಳೂ ಬಂದಿವೆ, ಮನಸ್ಸು ಉಲ್ಲಾಸವಾಗಿರುತ್ತೆ ಅಂತ. ಪೂರ್ತಿ ಬೊಗಳೆಯಲ್ಲ. 2004ರಲ್ಲಿ ಟೆಹರಾನಿನ ವೈದ್ಯರು 30 ಜನ ಖಿನ್ನತೆಯ ರೋಗಿಗಳ ಮೇಲೆ ಆರು ವಾರ ನಡೆಸಿದ ಪರೀಕ್ಷೆ ಪ್ರಕಟವಾಯ್ತು. ದಿನಕ್ಕೆ 30 ಮಿಲಿಗ್ರಾಂ ಕೇಸರಿಯನ್ನ ಹಳೇ ಔಷಧಿ ಇಮಿಪ್ರಮಿನ್ ಜೊತೆ ಹೋಲಿಸಿದ್ರು, ಫಲಿತಾಂಶ ಆಶಾದಾಯಕವಾಗಿತ್ತು. ಚಿಕ್ಕ ಪರೀಕ್ಷೆ, ಇದನ್ನ ನಂಬಿ ಡಾಕ್ಟರು ಕೊಟ್ಟ ಮಾತ್ರೆ ಬಿಡೋ ಹಾಗಿಲ್ಲ. ನಾನು ಹೇಳ್ತಿರೋದು ಆ 30 ಮಿಲಿಗ್ರಾಂ ಬಗ್ಗೆ. ಅದೊಂದು ಅಳತೆ. ಆದರೆ 'ಪ್ರೊಪ್ರೈಟರಿ ಬ್ಲೆಂಡ್' ಅಂತ ಬರೆದು ಹತ್ತು ಮೂಲಿಕೆಗಳ ಒಟ್ಟು ತೂಕ ಮಾತ್ರ ಕೊಟ್ರೆ ಸಾಕು ಅನ್ನುತ್ತೆ ಇಲ್ಲಿನ ಕಾನೂನು, ಒಂದೊಂದರ ತೂಕ ಹೇಳಬೇಕಾಗಿಲ್ಲ. ಹತ್ತರಲ್ಲಿ ಹತ್ತನೆಯದಾಗಿ ಕೇಸರಿ ಇದ್ದು, ಡಬ್ಬಿ ಮೇಲೆ ನೇರಳೆ ಹೂವಿನ ಚಿತ್ರ ದೊಡ್ಡದಾಗಿದ್ರೆ ಅರ್ಥ ಮಾಡ್ಕೊಳ್ಳಿ.

ಅಷ್ಟಕ್ಕೂ ಹಾಕಿದ ಆ ಒಂದೆಳೆಯಾದ್ರೂ ನಿಜವಾದದ್ದಾ? ಕೇಸರಿ ದುಬಾರಿಯಾಗಿರೋದು ಕೈಕೆಲಸದಿಂದ. ಪಾಂಪೋರಿನಲ್ಲಿ ಅಕ್ಟೋಬರ್-ನವೆಂಬರಿನ ಕೆಲವೇ ವಾರ ಹೂವು ಬಿಡುತ್ತೆ. ಬೆಳಿಗ್ಗೆ ಬಿಸಿಲೇರೋ ಮೊದಲು ಬಗ್ಗಿ ಒಂದೊಂದೇ ಕೀಳಬೇಕು, ಆಮೇಲೆ ಮನೆಮಂದಿಯೆಲ್ಲ ಕೂತು ಎಳೆ ಬಿಡಿಸಬೇಕು. ಇದಕ್ಕೆ ಮಷೀನು ಇನ್ನೂ ಸರಿಯಾಗಿ ಒಗ್ಗಿಲ್ಲ. ಹಾಗಾಗಿ ಬೆರಕೆಯ ಆಸೆ ದೊಡ್ಡದು. ನಮ್ಮ ಕಲಬುರಗಿ, ವಿಜಯಪುರ ಕಡೆಯವರಿಗೆ ಕುಸುಬೆ ಅಂದ್ರೆ ಅಡುಗೆ ಎಣ್ಣೆ, ಆದರೆ ಅದರ ಒಣ ಹೂವಿನ ಎಸಳು ಕೇಸರಿಯ ಹಳೇ ನಕಲು. ಇಲ್ಲಿನ ಮೆಕ್ಸಿಕನ್ ಅಂಗಡಿಗಳಲ್ಲಿ 'ಅಸಾಫ್ರಾನ್' ಅಂತ ಒಂದೆರಡು ಡಾಲರಿಗೆ ಸಿಗೋ ಪೊಟ್ಟಣ ಸಾಮಾನ್ಯವಾಗಿ ಕುಸುಬೆಯೇ. ಮನೆಯಲ್ಲಿ ನೋಡೋ ರೀತಿ ಸುಲಭ: ಉಗುರುಬೆಚ್ಚಗಿನ ನೀರಿಗೆ ನಾಲ್ಕು ಎಳೆ ಹಾಕಿ. ನಿಜವಾದದ್ದು ನಿಧಾನವಾಗಿ ಹಳದಿ ಬಿಡುತ್ತೆ, ಎಳೆ ಬಹಳ ಹೊತ್ತು ಕೆಂಪಾಗೇ ಇರುತ್ತೆ. ಬಣ್ಣ ಹಾಕಿದ್ದು ಥಟ್ಟನೆ ಕೆಂಪು ಕಾರಿ ತಾನು ಬಿಳಿಚಿಕೊಳ್ಳುತ್ತೆ.

ಬಾಟಲಿಯೊಳಗೆ ಹೋದ ಮೇಲೆ ಈ ಪರೀಕ್ಷೆ ನಡೆಯಲ್ಲ. ಮಾರೋರು ಮೊದಲೇ ಕೇಳಬೇಕು. ಕೇಸರಿಗೆ ಐ.ಎಸ್.ಓ. 3632 ಅನ್ನೋ ಅಂತಾರಾಷ್ಟ್ರೀಯ ಮಾನದಂಡ ಇದೆ. ಬಣ್ಣ, ಕಹಿ, ಪರಿಮಳ ಮೂರನ್ನೂ ಬೆಳಕು ಹೀರೋ ಪ್ರಮಾಣದಿಂದ ಅಳೀತಾರೆ. ಮೊದಲ ದರ್ಜೆಗೆ ಬಣ್ಣದ ಅಂಕ ಕನಿಷ್ಠ 200 ಇರಬೇಕು. ಯಾವ ದೇಶದ್ದು ಅನ್ನೋದೂ ಮುಖ್ಯ. ಪ್ರಪಂಚದ ಬಹುಪಾಲು ಕೇಸರಿ ಬೆಳೆಯೋದು ಇರಾನಿನಲ್ಲಿ, ಅಮೆರಿಕ 2018ರಲ್ಲಿ ಅಲ್ಲಿನ ಆಹಾರ ಪದಾರ್ಥಗಳ ಆಮದಿಗೆ ಮತ್ತೆ ಬಾಗಿಲು ಹಾಕ್ತು. ಕಾಶ್ಮೀರದ ಕೇಸರಿಗೆ 2020ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 'ಕಾಶ್ಮೀರದ್ದು' ಅಂತ ಬರೆದ್ರೆ ಕಾಗದ ಇಟ್ಕೊಂಡಿರಬೇಕು.

ಪರಿಚಯದವರಿಗೆ ನಾನು ಹೇಳಿದ ಮಾತು ಇಷ್ಟೇ. ಕಾರ್ಖಾನೆಯವರು ಕೇಳಿದ 60 ಸೆಂಟಿಗೆ, ಗ್ರಾಂಗೆ 5 ಡಾಲರಿನ ಲೆಕ್ಕದಲ್ಲೇ 120 ಮಿಲಿಗ್ರಾಂ ಬರುತ್ತೆ, ಅಂದ್ರೆ ಐವತ್ತಕ್ಕೂ ಹೆಚ್ಚು ಎಳೆ. ನಿಯತ್ತಿನ ಪ್ರಮಾಣ ಕೈಗೆಟುಕದಷ್ಟು ದುಬಾರಿಯೇನಲ್ಲ ಸ್ವಾಮೀ! ಹಾಕೋದಾದ್ರೆ ಕಾಣುವಷ್ಟು ಹಾಕಿ, ಎಷ್ಟು ಮಿಲಿಗ್ರಾಂ ಅಂತ ಬಾಟಲಿ ಮೇಲೇ ಬರೀರಿ. ಇಲ್ಲದಿದ್ರೆ ಆ ಹೆಸರನ್ನೇ ಬಿಡಿ. ಕಲೆ ಗುಣವಾಗುತ್ತೆ, ರೋಗ ಹೋಗುತ್ತೆ ಅಂತ ಬರೆದ್ರಂತೂ ಎಫ್.ಡಿ.ಎ. ಕಣ್ಣಿಗೆ ಅದು ಔಷಧಿಯಾಗುತ್ತೆ, ಅದರ ದಾರಿಯೇ ಬೇರೆ.

ಇನ್ನೊಂದು ಮಾತು. 2022ರ ಕೊನೆಗೆ ಇಲ್ಲಿ ಸೌಂದರ್ಯವರ್ಧಕಗಳ ಕಾನೂನು ಬಿಗಿಯಾಯ್ತು. ಯಾರ ಹೆಸರು ಲೇಬಲ್ಲಿನ ಮೇಲಿದೆಯೋ ಅವರೇ ಜವಾಬ್ದಾರರು. ಗಿರಾಕಿಗೆ ಗಂಭೀರ ತೊಂದರೆಯಾದ ಸುದ್ದಿ ಬಂದ್ರೆ 15 ಕೆಲಸದ ದಿನಗಳೊಳಗೆ ಎಫ್.ಡಿ.ಎ.ಗೆ ತಿಳಿಸಬೇಕು. ಸಣ್ಣ ವ್ಯಾಪಾರಿಗಳಿಗೆ ಕೆಲವು ವಿನಾಯಿತಿ ಉಂಟು, ಇದರಿಂದ ಇಲ್ಲ. ಕಾರ್ಖಾನೆ ಪರದೆ ಹಿಂದೆ ಇರುತ್ತೆ, ಮುಂದೆ ನಿಲ್ಲೋದು ನಿಮ್ಮ ಹೆಸರು.

ಅವರು ಎಳೆಯ ಪರೀಕ್ಷೆಯ ವರದಿ ಕೇಳಿ ಕಾರ್ಖಾನೆಗೆ ಬರೆದಿದ್ದಾರೆ, ಬಾಟಲಿಗೆ 100 ಮಿಲಿಗ್ರಾಂ ಹಾಕಿ, ಬೆಲೆ ಎರಡೇ ಡಾಲರ್ ಏರಿಸೋ ಯೋಚನೆ. ನಡೆಯುತ್ತಾ? ಪಕ್ಕದ ಶೆಲ್ಫಿನ ಒಂದೆಳೆ ಬಾಟಲಿ ಇದಕ್ಕಿಂತ ಜೋರಾಗಿ ಮಿಂಚಿದ್ರೆ ಗಿರಾಕಿ ಯಾವುದಕ್ಕೆ ಕೈ ಹಾಕ್ತಾರೋ ನೋಡಬೇಕು. ಅದು ನಮ್ಮ ನಿಮ್ಮ ಕೈಯಲ್ಲೂ ಇದೆ ಅಲ್ವಾ? ನಿಮ್ಮನೆ ಬಚ್ಚಲಿನ ಕಪಾಟಿನಲ್ಲಿ 'ಸ್ಯಾಫ್ರನ್' ಕ್ರೀಮಿದ್ರೆ ಒಮ್ಮೆ ತಿರುಗಿಸಿ ನೋಡಿ. ಫಿನಾಕ್ಸಿಎಥನಾಲ್ ಅನ್ನೋ ಕೆಡದಂತಿಡೋ ರಾಸಾಯನಿಕ ಸಾಮಾನ್ಯವಾಗಿ ಶೇಕಡಾ 1ಕ್ಕೆ ಮೀರೋದಿಲ್ಲ. ನಿಮ್ಮ ಕೇಸರಿ ಅದರ ಹಿಂದೆ ಕೂತಿದ್ರೆ ಅದೂ ಅಷ್ಟರೊಳಗೇ. ಮುಂದೆ ಕೂತಿದ್ರೂ ಎಷ್ಟಿದೆ ಅಂತ ಲೇಬಲ್ಲು ಬಾಯಿ ಬಿಡಲ್ಲ. ಒಂದು ಸಾಲು ಬರೆದು ಕಂಪನಿಯವರನ್ನೇ ಕೇಳಿ: ಎಷ್ಟು ಮಿಲಿಗ್ರಾಂ?

ಉತ್ತರ ಬಂದ್ರೆ ನನಗೂ ತಿಳಿಸಿ.